ಹೇಳಲಾರದ ಮಗುವಿನ ನೋವು

“ಅದಕ್ಕೇನು ತಿಳೀತೈತ್ರೀ, ಸುಮ್ಮನ ಹಟ ಮಾಡತೈತಿ!” ಬುದ್ಧಿ ಬೆಳವಣಿಗೆ ಕುಂಠಿತವಾದ ಮಗುವಿನ ಬಗ್ಗೆ ಹಿಟ್ನಾಳ, ಕುಷ್ಟಗಿ ಕಡೆ ಇಂಥ ಮಾತು ಹೊಸದಲ್ಲ. ಆದರೆ ತಾಯಂದಿರೇ, ನಿನ್ನೆವರೆಗೆ ನಗುತ್ತಿದ್ದ ಮಗು ಇಂದು ಊಟ ಬಿಟ್ಟು ತಲೆ ಚಚ್ಚಿಕೊಂಡರೆ ಅದಕ್ಕೆ ಕಾರಣವಿರುತ್ತದೆ. ಹುಳುಕು ಹಲ್ಲು, ಕಿವಿನೋವು, ಮಲಬದ್ಧತೆ, ಮೈನೆರೆದ ಹುಡುಗಿಯಾದರೆ ಮುಟ್ಟಿನ ಹೊಟ್ಟೆನೋವು, ಇವುಗಳಲ್ಲಿ ಯಾವುದೋ ಒಂದು ಕಾಡುತ್ತಿರಬಹುದು. ಬಾಯಿಬಿಟ್ಟು ಹೇಳಲು ಬಾರದು, ಅಷ್ಟೆ.

ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಹುಟ್ಟಿನಿಂದಲೇ ಹೃದಯದ ದೋಷವಿರುತ್ತದೆ. ಥೈರಾಯ್ಡ್, ಕಣ್ಣು, ಕಿವಿಯ ತೊಂದರೆಯೂ ಹೆಚ್ಚು. ಮಗು ಮಂಕಾದರೆ ‘ಅದರ ಸ್ವಭಾವವೇ ಅಷ್ಟು’ ಎನ್ನಬೇಡಿ. ವರ್ಷಕ್ಕೊಮ್ಮೆ ಥೈರಾಯ್ಡ್ ರಕ್ತಪರೀಕ್ಷೆ ಮಾಡಿಸಿ.

ಕೊಪ್ಪಳದ ಜಿಲ್ಲಾ ಆಸ್ಪತ್ರೆಗೆ ಹೊರಡುವ ಮೊದಲು ಮಗುವಿನ ಊಟ, ನಿದ್ದೆ, ಮಲಮೂತ್ರ, ಕೊಡುತ್ತಿರುವ ಮಾತ್ರೆ ಎಲ್ಲವನ್ನೂ ಒಂದು ಚೀಟಿಯಲ್ಲಿ ಬರೆದುಕೊಳ್ಳಿ. “ಮೊದಲ ಹಿಂಗ ಇರಲಿಲ್ರೀ, ಹಲ್ಲು, ಕಿವಿ ಒಮ್ಮೆ ನೋಡ್ರಿ” ಎಂದು ಡಾಕ್ಟರಿಗೆ ಹೇಳಲು ಸಂಕೋಚ ಬೇಡ. ಚಿಕಿತ್ಸೆ ಪಡೆಯುವುದು 2016ರ ಕಾಯಿದೆ ಕೊಟ್ಟಿರುವ ಹಕ್ಕು.

ಖರ್ಚಿನ ಚಿಂತೆಯೇ? ಅಂಗವೈಕಲ್ಯದ ಪ್ರಮಾಣಪತ್ರ ಮಾಡಿಸಿಕೊಂಡರೆ ನ್ಯಾಷನಲ್ ಟ್ರಸ್ಟಿನ ‘ನಿರಾಮಯ’ ವಿಮೆಗೆ ಅರ್ಜಿ ಹಾಕಬಹುದು. ಅದರಲ್ಲಿ 1 ಲಕ್ಷ ರೂಪಾಯಿವರೆಗೆ ನೆರವಿದೆ. ಪ್ರಮಾಣಪತ್ರ ಇನ್ನೂ ಇಲ್ಲವೆಂದರೆ, ಮುಂದಿನ ಸಲ ಆಸ್ಪತ್ರೆಗೆ ಹೋದಾಗಲೇ ವಿಚಾರಿಸಿಕೊಂಡು ಬನ್ನಿ.