ಹಬ್ಬದ ದಿನ ‘ಬರೋಕಾಗಲ್ಲ’ ಅಂದರೆ ಕೆಲಸ ಹೋಗುತ್ತದೆಯೇ?

ದೀಪಾವಳಿಗೆ ಎರಡೇ ದಿನ ಇರುವಾಗ ವಾಟ್ಸ್‌ಆ್ಯಪ್ ಗುಂಪಿಗೆ ಶಿಫ್ಟ್ ಪಟ್ಟಿ ಬಂದು ಬೀಳುತ್ತದೆ. ಊರಿಗೆ ಬಸ್ ಟಿಕೆಟ್ ಮಾಡಿಸಿಟ್ಟವರ ಹೆಸರೇ ಅದರಲ್ಲಿ ಮೊದಲು! ‘ಹಬ್ಬದ ರಜೆ ನನ್ನ ಹಕ್ಕು, ಯಾರೇನು ಮಾಡ್ತಾರೆ’ ಎಂದು ಒಬ್ಬರು ಎದೆಯುಬ್ಬಿಸುತ್ತಾರೆ. ‘ಬಾಯಿಬಿಟ್ಟರೆ ನಾಳೆಯಿಂದ ಬರಬೇಡ ಅಂತಾರೆ’ ಎಂದು ಇನ್ನೊಬ್ಬರು ತೆಪ್ಪಗಾಗುತ್ತಾರೆ. ಇಬ್ಬರೂ ಹೇಳುವುದು ಅರ್ಧ ಸತ್ಯ. ಕರ್ನಾಟಕದ ಖಾಸಗಿ ನೌಕರರ ಮಟ್ಟಿಗೆ ಉಳಿದರ್ಧ ಇಲ್ಲಿದೆ.

ಕಲ್ಪನೆ: ಸರ್ಕಾರಿ ರಜೆ ಅಂದರೆ ಎಲ್ಲರಿಗೂ ರಜೆ.

ಸತ್ಯ: ಸರ್ಕಾರದ ರಜಾಪಟ್ಟಿ ಇರುವುದು ಸರ್ಕಾರಿ ಕಚೇರಿಗಳಿಗೆ. ಖಾಸಗಿಯವರಿಗೆ ಅನ್ವಯಿಸುವುದು ರಾಷ್ಟ್ರೀಯ ಮತ್ತು ಹಬ್ಬದ ರಜೆಗಳ ಕುರಿತ 1963ರ ರಾಜ್ಯ ಕಾಯ್ದೆ. ಅದರಂತೆ ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2, ನವೆಂಬರ್ 1 ಖಡಾಖಂಡಿತ ರಜೆ. ಇದರ ಜೊತೆಗೆ ಐದು ಹಬ್ಬ ಸೇರಿ ವರ್ಷಕ್ಕೆ 10 ದಿನ, ಸಂಬಳಸಹಿತ. ನಿಮ್ಮ ಸಂಸ್ಥೆಯ ಐದು ಹಬ್ಬಗಳಲ್ಲಿ ವರಮಹಾಲಕ್ಷ್ಮಿ ಇಲ್ಲವಾದರೆ ಅದು ಮಾಮೂಲಿ ಕೆಲಸದ ದಿನ. ರಜೆ ಹಾಕಿ ಒಪ್ಪಿಗೆ ಪಡೆಯಬೇಕು.

ಕಲ್ಪನೆ: ಐಟಿ ಕಂಪನಿಗೆ ಇದೆಲ್ಲ ಇಲ್ಲ, ವಿದೇಶಿ ಗ್ರಾಹಕರ ಕ್ಯಾಲೆಂಡರೇ ನಮ್ಮದು.

ಸತ್ಯ: ಕಾಯ್ದೆಯ ಹೆಸರಲ್ಲಿ ‘ಕೈಗಾರಿಕಾ ಸಂಸ್ಥೆ’ ಎಂದಿದ್ದರೂ ಅಂಗಡಿ, ವಾಣಿಜ್ಯ ಸಂಸ್ಥೆಗಳೂ ಅದರೊಳಗೇ ಬರುತ್ತವೆ. ಸಾಫ್ಟ್‌ವೇರ್ ಕಚೇರಿಯೂ ವಾಣಿಜ್ಯ ಸಂಸ್ಥೆಯೇ. ಗ್ರಾಹಕ ಎಲ್ಲೇ ಇರಲಿ, ಬೆಂಗಳೂರಿನ ಕಚೇರಿಗೆ ರಾಜ್ಯೋತ್ಸವ ರಜೆಯೇ.

ಕಲ್ಪನೆ: ರಜೆಯ ದಿನ ದುಡಿದರೆ ಒಂದು ಊಟ, ಕ್ಯಾಬ್ ಕೊಟ್ಟರೆ ಸಾಕು.

ಸತ್ಯ: ಈ 10 ದಿನಗಳಲ್ಲಿ ಯಾವುದರಲ್ಲಿ ದುಡಿದರೂ ಇಮ್ಮಡಿ ವೇತನ ಸಿಗಬೇಕು. ಇಲ್ಲವೇ ಆ ದಿನದ ವೇತನದ ಜೊತೆಗೆ ಬೇರೊಂದು ದಿನ ಸಂಬಳಸಹಿತ ಬದಲಿ ರಜೆ. ಎರಡರಲ್ಲಿ ಯಾವುದು ಬೇಕೆಂದು ಹೇಳುವ ಆಯ್ಕೆ ನೌಕರರದ್ದು, ಮ್ಯಾನೇಜರರದ್ದಲ್ಲ.

ಕಲ್ಪನೆ: ಒಂದು ದಿನ ಬರಲಿಲ್ಲವೆಂದು ಮರುದಿನವೇ ಕಿತ್ತುಹಾಕಬಹುದು.

ಸತ್ಯ: ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ 1961ರ ಕಾಯ್ದೆಯಂತೆ, ಸತತ ಆರು ತಿಂಗಳು ಸೇವೆ ಸಲ್ಲಿಸಿದವರನ್ನು ತೆಗೆಯಲು ಸೂಕ್ತ ಕಾರಣ ಬೇಕು, ಜೊತೆಗೆ ಒಂದು ತಿಂಗಳ ನೋಟಿಸ್ ಅಥವಾ ಅಷ್ಟೂ ಸಂಬಳ ಕೊಡಬೇಕು. ನೋಟಿಸ್ ಇಲ್ಲದೆ ತೆಗೆಯಬೇಕಾದರೆ ದುರ್ನಡತೆ ವಿಚಾರಣೆಯಲ್ಲಿ ಸಾಬೀತಾಗಿರಬೇಕು. ಮೇಲಧಿಕಾರಿಯ ಮಾತು ಮೀರಿದ್ದೆಲ್ಲ ದುರ್ನಡತೆಯಲ್ಲ. ಕಾರ್ಖಾನೆಗಳಲ್ಲಿ ದಶಕಗಳಿಂದ ಬಳಕೆಯಲ್ಲಿದ್ದ ಕೇಂದ್ರದ ಮಾದರಿ ಸ್ಥಾಯಿ ಆದೇಶಗಳನ್ನೇ ನೋಡಿ: ಕಾನೂನುಬದ್ಧವೂ ನ್ಯಾಯೋಚಿತವೂ ಆದ ಆದೇಶವನ್ನು ಬೇಕೆಂದೇ ಮೀರಿದರಷ್ಟೇ ತಪ್ಪು. ಹೇಳದೆ ಗೈರಾಗುವುದು ಚಾಳಿಯಾದಾಗ ಅಥವಾ 10 ದಿನ ದಾಟಿದಾಗ ದುರ್ನಡತೆ. ತಪ್ಪಿಗೆ ಮೀರಿದ ಶಿಕ್ಷೆಯಾದರೆ ಅದನ್ನು ಇಳಿಸುವ ಅಧಿಕಾರ ಕೈಗಾರಿಕಾ ನ್ಯಾಯಮಂಡಳಿಗಿದೆ.

ಆದರೆ ಈ ಕೊಡೆಯಡಿ ಎಲ್ಲರೂ ಸಮನಾಗಿ ನಿಂತಿಲ್ಲ. ಸೇರಿ ಆರು ತಿಂಗಳಾಗದವರಿಗೆ, ಗುತ್ತಿಗೆ ಮುಗಿಯುತ್ತ ಬಂದವರಿಗೆ ರಕ್ಷಣೆ ತೆಳು. ಆಡಳಿತ ಹುದ್ದೆಯಲ್ಲಿರುವವರು ‘ಕಾರ್ಮಿಕ’ ಎಂಬ ವ್ಯಾಖ್ಯೆಯಿಂದಲೇ ಹೊರಗಿರುವುದರಿಂದ ಆ ನ್ಯಾಯಮಂಡಳಿಯ ಬಾಗಿಲು ಅವರಿಗೆ ತೆರೆಯದು.

ಕಲ್ಪನೆ: ಹಕ್ಕಿದ್ದ ಮೇಲೆ ಹೇಳುವುದೇನು? ಫೋನ್ ಸ್ವಿಚ್ ಆಫ್ ಮಾಡಿ ಊರಿಗೆ ಹೋದರಾಯಿತು.

ಸತ್ಯ: ಎಡವುವುದೇ ಇಲ್ಲಿ. ಬರೋಕಾಗಲ್ಲ ಎಂದು ಕಾರಣಸಹಿತ ತಿಳಿಸಿದವರ ವಿರುದ್ಧ ದುರ್ನಡತೆ ಸಾಬೀತು ಮಾಡುವುದು ಕಷ್ಟ. ಹೇಳದೆ ಮಾಯವಾದವರ ವಿರುದ್ಧ ಹಾಜರಿ ಪುಸ್ತಕವೇ ಸಾಕ್ಷಿ ಹೇಳುತ್ತದೆ. ಆಸ್ಪತ್ರೆ, ಬಸ್ಸು, ವಿದ್ಯುತ್ತಿನಂಥ ಸೇವೆಗಳಲ್ಲಿ ಹಬ್ಬದ ಪಾಳಿ ಕೆಲಸಕ್ಕೆ ಸೇರುವಾಗಲೇ ಒಪ್ಪಿಕೊಂಡದ್ದು. ಅಲ್ಲಿ ನಾಲ್ವರು ಮಾತಾಡಿಕೊಂಡು ಗೈರಾದರೆ ಅದು ಮುಷ್ಕರ; ಅಗತ್ಯ ಸೇವೆಗಳ ನಿರ್ವಹಣಾ ಕಾಯ್ದೆ (ಎಸ್ಮಾ) ಜಾರಿಯಲ್ಲಿದ್ದರೆ ಅಪರಾಧ.

ಹಾಗಾಗಿ ಶಿಫ್ಟ್ ಪಟ್ಟಿ ಬಂದ ದಿನವೇ ಮೂರು ಕೆಲಸ ಮಾಡಿ. ಆ ದಿನ ಸಂಸ್ಥೆಯ ರಜಾಪಟ್ಟಿಯಲ್ಲಿದೆಯೇ ನೋಡಿ. ಬರಲಾಗದಿದ್ದರೆ ಕಾರಣವನ್ನೂ, ಬದಲಿಗೆ ಬರಲೊಪ್ಪಿದವರ ಹೆಸರನ್ನೂ ಮೇಲ್‌ನಲ್ಲಿ ತಿಳಿಸಿ. ಬರುವುದಾದರೆ ಇಮ್ಮಡಿ ವೇತನವೋ ಬದಲಿ ರಜೆಯೋ ಎಂಬುದನ್ನೂ ಅದರಲ್ಲೇ ಬರೆಯಿರಿ. ಬಾಯಿಮಾತು ಹಬ್ಬ ಮುಗಿಯುವ ಹೊತ್ತಿಗೆ ಯಾರಿಗೂ ನೆನಪಿರುವುದಿಲ್ಲ.