ವಿಕಟಕವಿಗೆ ‘ಫಾಲ್ಸ್’ ಎಂದ ಪೈಥಾನ್

ಪ್ರೋಗ್ರಾಮಿಂಗ್ ಕಲಿಯಲು ಹೊರಟವರಿಗೆ ಆರಂಭದಲ್ಲೇ ಸಿಗುವ ಒಂದು ಅಭ್ಯಾಸವಿದೆ: ಹಿಂದಿನಿಂದ ಓದಿದರೂ ಮುಂದಿನಿಂದ ಓದಿದರೂ ಒಂದೇ ಆಗಿರುವ ಪದವನ್ನು ಗುರುತಿಸುವುದು. ಪದವನ್ನು ತಿರುಗಿಸಬೇಕು, ಮೂಲದ ಜೊತೆ ಹೋಲಿಸಬೇಕು, ಅಷ್ಟೇ. ಇಂಗ್ಲಿಷ್ ಲಿಪಿಯಲ್ಲಿ ‘ಲೆವೆಲ್’ ಎಂದು ಬರೆದು ಕೊಟ್ಟರೆ ಪೈಥಾನ್ ‘ಟ್ರೂ’ ಎನ್ನುತ್ತದೆ. ಈಗ ತೆನಾಲಿ ರಾಮನ ಬಿರುದು ‘ವಿಕಟಕವಿ’ಯನ್ನು ಕನ್ನಡದಲ್ಲೇ ಕೊಟ್ಟು ನೋಡಿ. ‘ಫಾಲ್ಸ್’!

ಕಾರಣ ಇಷ್ಟು. ಕಂಪ್ಯೂಟರಿನ ನೆನಪಿನಲ್ಲಿ ಅಕ್ಷರಗಳಿಲ್ಲ, ಸಂಖ್ಯೆಗಳಿವೆ. ಯಾವ ಚಿಹ್ನೆಗೆ ಯಾವ ಸಂಖ್ಯೆ ಎಂಬುದನ್ನು ಯೂನಿಕೋಡ್ ಗೊತ್ತುಮಾಡಿದೆ: ‘ವ’ 3253, ಗುಡಿಸು 3263, ‘ಕ’ 3221, ‘ಟ’ 3231. ನಮಗೆ ಒಂದೇ ಅಕ್ಷರವಾದ ‘ವಿ’ ಅದಕ್ಕೆ ಎರಡು ಸಂಖ್ಯೆ. ಹಾಗಾಗಿ ಪದದ ಉದ್ದ ಕೇಳಿದರೆ 5 ಅಲ್ಲ, 7 ಎನ್ನುತ್ತದೆ. ತಿರುಗಿಸಿದಾಗ 3263 ಮೊದಲು ಬರುತ್ತದೆ, ಅಂದರೆ ‘ವ’ ಬರುವ ಮುಂಚೆಯೇ ಗುಡಿಸು! ಪಾಪ, ಅದು ಯಾರ ತಲೆಯ ಮೇಲೆ ಕೂರಬೇಕು?

‘ಅಕ್ಷರ’ ಎಂದರೆ ಏನೆಂದು ನಾವೇ ಹೇಳಿಕೊಡಬೇಕು. ಅದಕ್ಕೆ ಬೇಕಾದದ್ದು ಕನ್ನಡ ತರಗತಿಯಲ್ಲಿ ಕಲಿತ ಕಾಗುಣಿತ. ಮೊದಲು ಒಂದು ಖಾಲಿ ಪಟ್ಟಿ ಇಟ್ಟುಕೊಳ್ಳಿ. ಪದದ ಚಿಹ್ನೆಗಳನ್ನು ಒಂದೊಂದಾಗಿ ತೆಗೆಯಿರಿ, ಇದೇ ‘ಲೂಪ್’. ಬಂದದ್ದು ಸ್ವರಚಿಹ್ನೆಯೇ? ಇದು ‘ಇಫ್’. ಹೌದಾದರೆ ಪಟ್ಟಿಯ ಕೊನೆಯ ತುಂಡಿಗೆ ಅಂಟಿಸಿ, ಅಲ್ಲವಾದರೆ ಹೊಸ ತುಂಡಾಗಿ ಸೇರಿಸಿ. ಈಗ ವಿ, ಕ, ಟ, ಕ, ವಿ ಎಂಬ ಐದು ತುಂಡುಗಳಾದವು. ಪದದ ಬದಲು ಈ ಪಟ್ಟಿಯನ್ನು ತಿರುಗಿಸಿ ಹೋಲಿಸಿದರೆ ಪೈಥಾನ್ ‘ಟ್ರೂ’ ಎಂದು ಒಪ್ಪಿಕೊಳ್ಳುತ್ತದೆ.

ಆದರೆ ‘ಅಮ್ಮ’ ಬಂದಳೆಂದರೆ ಈ ನಿಯಮ ಸಾಲದು. ಒತ್ತಕ್ಷರಕ್ಕೆ ಯೂನಿಕೋಡಿನಲ್ಲಿ ಬೇರೆ ಸಂಖ್ಯೆಯಿಲ್ಲ. ಎರಡು ‘ಮ’ಗಳ ನಡುವೆ 3277 ಎಂಬ ಹಲಂತ ಕೂತಿರುತ್ತದೆ. ಅದನ್ನೂ ಸ್ವರಚಿಹ್ನೆಯಂತೆ ಹಿಂದಕ್ಕೆ ಅಂಟಿಸಬೇಕು. ಜೊತೆಗೆ, ಕೊನೆಯ ತುಂಡು ಹಲಂತದಲ್ಲಿ ಮುಗಿದಿದ್ದರೆ ಮುಂದಿನ ವ್ಯಂಜನವನ್ನೂ ಅದಕ್ಕೇ ಸೇರಿಸಬೇಕು. ಅನುಸ್ವಾರ, ವಿಸರ್ಗಗಳೂ ಹಿಂದಕ್ಕೆ ಅಂಟುವ ಗುಂಪಿನವೇ.

ಇದು ಬರೀ ಪದದಾಟ ಎನ್ನಬೇಡಿ. ಹೆಸರಿನ ಮೊದಲಕ್ಷರವನ್ನು ಪುಟ್ಟ ವೃತ್ತದಲ್ಲಿ ತೋರಿಸುವ ಆ್ಯಪ್‌ಗಳಿವೆಯಲ್ಲ, ಅದನ್ನು ಬರೆಯುವವರು ಮೊದಲ ಸಂಖ್ಯೆಯನ್ನಷ್ಟೇ ತೆಗೆದುಕೊಂಡರೆ ಶ್ರೀನಿಧಿ ಬರೀ ‘ಶ’ ಆಗಿಬಿಡುತ್ತಾಳೆ. ಕನ್ನಡ ಓದಲು ಬಾರದವರ ಕಣ್ಣಿಗೆ ಆ ತಪ್ಪು ಬೀಳುವುದೇ ಇಲ್ಲ. ನಿಮ್ಮ ಕಣ್ಣಿಗೆ ಬೀಳುತ್ತದೆ.

ಎರಡೂ ಷರತ್ತು ಸೇರಿಸಿ ‘ಶ್ರೀನಿಧಿ’ಯನ್ನು ಕೊಟ್ಟು ನೋಡಿ. 8 ಹೋಗಿ 3 ಬಂದರೆ, ಮುಂದೆ ನಿಮ್ಮ ಅಜ್ಜ ಅಜ್ಜಿಯರ ಹೆಸರು ಕೊಡಿ.