ಸೋಂಪಿನ ಕಷಾಯಕ್ಕೆ ಮುಚ್ಚಳ ಬೇಕು

ಕಡೂರು ತಾಲ್ಲೂಕಿನ ಹಿರೇನಲ್ಲೂರು ಕಡೆ ರಾಗಿ ಹೊಲ, ತೆಂಗಿನ ತೋಟ ಸಿಗುತ್ತವೆ. ಸೋಂಪು ಬೆಳೆದವರು ಸಿಗುವುದು ಕಷ್ಟ. ದೇಶದ ಸೋಂಪಿನಲ್ಲಿ ಬಹುಪಾಲು ಗುಜರಾತ್, ರಾಜಸ್ಥಾನಗಳದ್ದು. ಆದರೂ ಹಬ್ಬದೂಟ ಹೆಚ್ಚಾಗಿ ಹೊಟ್ಟೆ ಉಬ್ಬರಿಸಿದರೆ ನಮ್ಮ ಬಯಲುಸೀಮೆಯ ಮನೆಗಳಲ್ಲಿ ಕೈ ಹೋಗುವುದು ಓಮ, ಜೀರಿಗೆ, ಸೋಂಪಿನ ಡಬ್ಬಿಗೇ. ಮೂರೂ ಕೊತ್ತಂಬರಿಯ ಕುಟುಂಬದವು.

ನಾವು ಬೀಜ ಎನ್ನುವ ಸೋಂಪಿನ ಕಾಳು ನಿಜಕ್ಕೂ ಒಣಗಿದ ಹಣ್ಣು. ಅದು ಉದ್ದಕ್ಕೆ ಎರಡು ಹೋಳಾಗುತ್ತದೆ. ಒಂದು ಹೋಳನ್ನು ಬ್ಲೇಡಿನಲ್ಲಿ ಅಡ್ಡ ಕೊಯ್ದು ಭೂತಗನ್ನಡಿ ಹಿಡಿದು ನೋಡಿ. ಬೆನ್ನಿನ ಕಡೆ ನಾಲ್ಕು, ಹೊಟ್ಟೆಯ ಕಡೆ ಎರಡು, ಸಾಮಾನ್ಯವಾಗಿ ಆರು ಕಂದು ಚುಕ್ಕೆ ಕಾಣುತ್ತವೆ. ಅವೇ ಎಣ್ಣೆಯ ನಾಳಗಳು. ಸೋಂಪಿನ ಘಮ, ಗುಣ ಬಹುಮಟ್ಟಿಗೆ ಅಲ್ಲೇ ಅಡಗಿವೆ.

ಕಾಳಿನ ತೂಕದಲ್ಲಿ ಈ ಎಣ್ಣೆ ಸುಮಾರು ಶೇ. 2ರಿಂದ 6. ಅದರ ಮುಖ್ಯ ಅಂಶ ಅನೆಥೋಲ್. ಸೋಂಪಿನ ಸಿಹಿಗೆ ಅದೇ ಕಾರಣ. ಬಿರಿಯಾನಿಗೆ ಹಾಕುವ ಚಕ್ರಮೊಗ್ಗು ಬೇರೆಯದೇ ಕುಲದ ಮರದ್ದಾದರೂ ಅದರಲ್ಲಿರುವುದೂ ಇದೇ ಅನೆಥೋಲ್. ಅದು ನೀರಿನಲ್ಲಿ ಕರಗುವುದು ತೀರಾ ಕಡಿಮೆ, ಹಬೆಯ ಜೊತೆ ಹಾರಿಹೋಗುವುದು ಬಹಳ. ಕಾರ್ಖಾನೆಗಳು ಹಬೆ ಹಾಯಿಸಿಯೇ ಎಣ್ಣೆ ಇಳಿಸುತ್ತವೆ. ಹಾಗಾಗಿ ತೆರೆದ ಪಾತ್ರೆಯಲ್ಲಿ ಕಾಲು ಭಾಗಕ್ಕೆ ಬತ್ತುವಷ್ಟು ಕುದಿಸಿದರೆ ಘಮ ಅಡುಗೆಮನೆಗೆ ಸಿಕ್ಕೀತು, ಲೋಟಕ್ಕೆ ಸಿಗದು. ಕಾಳನ್ನು ಆಗಷ್ಟೇ ಜಜ್ಜಿ, ಕುದಿನೀರು ಸುರಿದು, ಹತ್ತು ಹದಿನೈದು ನಿಮಿಷ ಮುಚ್ಚಿಡಿ.

ಇದರಿಂದ ಉಪಯೋಗ ಇದೆಯೇ? ಪ್ರಾಣಿಗಳ ಕರುಳಿನ ತುಂಡುಗಳ ಮೇಲಿನ ಪ್ರಯೋಗಗಳಲ್ಲಿ ಸೋಂಪಿನೆಣ್ಣೆ ಸ್ನಾಯುಗಳ ಬಿಗಿತ ಸಡಿಲಿಸಿದೆ. ವಾಯು ಹೊರಹೋಗಲು ಅದು ನೆರವಾಗಬಹುದು. 2003ರಲ್ಲಿ ಪ್ರಕಟವಾದ ರಷ್ಯಾದ ಅಧ್ಯಯನವೊಂದರಲ್ಲಿ, ಹೊಟ್ಟೆನೋವಿನಿಂದ ರಚ್ಚೆ ಹಿಡಿಯುವ ಕೂಸುಗಳಿಗೆ ಶೇ. 0.1ರಷ್ಟು ಸೋಂಪಿನೆಣ್ಣೆ ಬೆರೆತ ದ್ರಾವಣ ಕೊಟ್ಟಾಗ ಶೇ. 65 ಕೂಸುಗಳಿಗೆ ಉಪಶಮನವಾಯಿತು. ಎಣ್ಣೆಯಿಲ್ಲದ ದ್ರಾವಣ ಕುಡಿದವರಲ್ಲಿ ಸುಮಾರು ಶೇ. 24ಕ್ಕೆ ಮಾತ್ರ.

ಆದರೆ ಅದು ಅಧ್ಯಯನಕ್ಕೆಂದು ಅಳೆದು ಬೆರೆಸಿದ್ದು, ನೂರು ಮಿಲಿಗೆ ಎರಡು ಮೂರು ಹನಿಯ ಲೆಕ್ಕ. ಸೋಂಪಿನಲ್ಲಿ ಎಸ್ಟ್ರಗೋಲ್ ಎಂಬ ಇನ್ನೊಂದು ಅಂಶವೂ ಇದೆ. ಹೆಚ್ಚಿನ ಪ್ರಮಾಣದಲ್ಲಿ ಕೊಟ್ಟಾಗ ಇಲಿಗಳ ಯಕೃತ್ತಿನಲ್ಲಿ ಅದು ಗಂಟು ಬೆಳೆಸಿದೆ. ಊಟದ ನಂತರ ಚಿಟಿಕೆ ಸೋಂಪು ಅಗಿಯುವ ದೊಡ್ಡವರಿಗೆ ಇದರಿಂದ ಚಿಂತೆಯಿಲ್ಲ. ಬಾಟಲಿಯ ಎಣ್ಣೆಯ ಮಾತೇ ಬೇರೆ, ಅದು ಅನೇಕ ಪಟ್ಟು ಸಾಂದ್ರ. ಆರು ತಿಂಗಳವರೆಗೆ ತಾಯಿಹಾಲು ಮಾತ್ರ ಸಾಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಎಳೆಗೂಸಿನ ಬಾಯಿಗೆ ಸೋಂಪಿನೆಣ್ಣೆ ಹಾಕಬೇಡಿ. ಅಳು ನಿಲ್ಲದಿದ್ದರೆ ವೈದ್ಯರಿಗೆ ತೋರಿಸಿ.